ಗಲ್ಲಾದ ಮೇಲಿನ ಹಲಗೆ

"ಹಲಗೆ ಎಲ್ಲಿ?"

ಸೋಮವಾರ ಬೆಳಿಗ್ಗೆ ಚೆನ್ನೈಯ ಪ್ಯಾರೀಸ್ ಕಾರ್ನರಿನ ‘ಮಟ್ಟು ವಿಲಾಸ’ ಹೋಟೆಲಿಗೆ ಕಾಲಿಟ್ಟ ನಿಶ್ಮಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಎಲ್ಲವೂ ಎಂದಿನಂತೆಯೇ ಇತ್ತು. ಇಡ್ಲಿಯ ಹಬೆ, ಡಿಕಾಕ್ಷನ್ನಿನ ಪರಿಮಳ, ಗೋಡೆಯ ಮೇಲೆ ಅಜ್ಜನ ಫೋಟೋ. ಇಲ್ಲದ್ದು ಒಂದೇ, ಗಲ್ಲಾದ ಮೇಲಿನ ಹಲಗೆ.

ಗಲ್ಲಾ ಅಂದರೆ ತಿಂದವರು ದುಡ್ಡು ಕೊಟ್ಟು ಹೋಗುವ ಮೇಜು. ಮಟ್ಟು ವಿಲಾಸದ ಗಲ್ಲಾ ನಿಶ್ಮಿತಾಳ ಅಜ್ಜ ಮಾಡಿಸಿದ್ದು, ಅಪ್ಪಟ ತೇಗ. ಅದರ ಮುಂಭಾಗದಲ್ಲಿ ಒಂದು ಎತ್ತರದ ಹಲಗೆ. ಹಿಂದೆ ಕೂತವರ ಮುಖ ಮಾತ್ರ ಆಚೆಗೆ ಕಾಣುತ್ತಿತ್ತು. ಓದು ಮುಗಿಸಿ ಅಪ್ಪನ ಗಲ್ಲಾದಲ್ಲಿ ಕೂತ ದಿನದಿಂದ ಅವಳಿಗೆ ಇಡೀ ಚೆನ್ನೈಯಲ್ಲಿ ನೆಮ್ಮದಿಯ ಜಾಗವೆಂದರೆ ಆ ಹಲಗೆಯ ಹಿಂದಿನದು ಮಾತ್ರ.

ಈಗ ಆ ಹಲಗೆಯನ್ನು ಯಾರೋ ಗರಗಸದಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು.

ಯಾರೋ ಅಲ್ಲ, ಅವನೇ. ಅಳತೆಯ ಟೇಪು ಹಿಡಿದು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಳ್ಳುತ್ತ ನಿಂತಿದ್ದ ಎತ್ತರದ ಯುವಕ, ಹರಿಹರ. ಹೋಟೆಲ್ ಅಡುಗೆಮನೆಗಳಿಗೆ ಸ್ಟೀಲಿನ ಮೇಜು, ತೊಟ್ಟಿ, ಕಪಾಟು ಮಾಡಿಕೊಡುವ ಸಣ್ಣ ವರ್ಕ್‌ಶಾಪು ಅವನದು, ಅಂಬತ್ತೂರಿನಲ್ಲಿ. ನಿಶ್ಮಿತಾಳ ಅಪ್ಪ ವಿಷ್ಣುಮೂರ್ತಿಯವರು ಹಳೆಯ ಅಡುಗೆಮನೆಯನ್ನು ಹೊಸದು ಮಾಡಿಸಲು ಅವನನ್ನು ಕರೆಸಿದ್ದರು. ಕೆಲವು ದಿನಗಳಿಂದ ಬಂದುಹೋಗುತ್ತಿದ್ದನಾದರೂ ಅವಳ ಜೊತೆ ಮಾತು ಆಡಿದ್ದಿಲ್ಲ.

"ಬೇಕು ಅಂತಲೇ ತೆಗೆದೆ ಮೇಡಂ," ಅಂದ ಅವನು ಹುರುಪಿನಿಂದ. "ಚಿಲ್ಲರೆ ಕೊಡೋವಾಗೆಲ್ಲ ನೀವು ಕೈ ಮೇಲಕ್ಕೆ ಎತ್ತಬೇಕು. ಅದಕ್ಕೇ ಭುಜ ತಿಕ್ಕೊಳ್ತಾ ಇರ್ತೀರ. ನಾನು ಬಂದಾಗಿಂದ ನಿಮ್ಮನ್ನ ನೋಡ್ತಾನೇ ಇದೀನಿ."

ನೋಡ್ತಾನೇ ಇದೀನಿ...

ಆ ಒಂದು ಮಾತು ಸಾಕಾಯಿತು. ಹೈಸ್ಕೂಲು ಹುಡುಗಿಯಾಗಿದ್ದಾಗಿನಿಂದ ನಿಶ್ಮಿತಾಳನ್ನು ಜನ ನೋಡುತ್ತಲೇ ಬಂದಿದ್ದರು. ಬಸ್ಸಿನಲ್ಲಿ, ದೇವಸ್ಥಾನದ ಮೆಟ್ಟಿಲಲ್ಲಿ, ನೆಂಟರ ಮದುವೆಯಲ್ಲಿ. ಮುಖ ನೋಡಿ ಮಾತು ಶುರುಮಾಡಿದವರ ಕಣ್ಣು ಮಾತು ಮುಗಿಯುವ ಮೊದಲೇ ಕೆಳಗೆ ಇಳಿದಿರುತ್ತಿತ್ತು. ತೆಳು ಮೈಕಟ್ಟಿನ ಹುಡುಗಿಗೆ ದೇವರು ಹೊರಲಾಗದಷ್ಟು ಎದೆಯ ಭಾರ ಕೊಟ್ಟಿದ್ದ. ಆ ಭಾರ ಬೆನ್ನನ್ನು ಬಗ್ಗಿಸಿದರೆ, ಜನರ ಕಣ್ಣು ತಲೆಯನ್ನು ತಗ್ಗಿಸಿತ್ತು.

"ನಿಮ್ಗೆ ಯಾರು ಹೇಳಿದ್ದು?" ಅವಳು ಸಿಡುಕಿದಳು. "ನನ್ನ ಭುಜ ನೋಡ್ಲಿಕ್ಕೆ ನಿಮ್ಗೆ ಯಾರು ಹೇಳಿದ್ದು? ಅಡಿಗೆಮನೆ ಮಾಡ್ಲಿಕ್ಕೆ ಬಂದವರು ಅಡಿಗೆಮನೆ ಮಾಡಿ ಹೋಗಿ."

ಹರಿಹರನ ಮುಖ ಸಪ್ಪಗಾಯಿತು. ಗಂಡಸರ ಒಳ್ಳೆಯತನಕ್ಕೆ ಇರುವ ರೋಗವೇ ಇದು ನೋಡಿ, ಎಲ್ಲಿ ನೋವು ಅಂತ ಕೇಳುವ ಮೊದಲೇ ಮದ್ದು ಅರೆದು ತಂದುಬಿಡುತ್ತದೆ.

ಆ ದಿನವಿಡೀ ನಿಶ್ಮಿತಾ ಒಂದು ಸ್ಟೀಲ್ ಟ್ರೇಯನ್ನು ಎದೆಗವಚಿಕೊಂಡೇ ಗಲ್ಲಾದಲ್ಲಿ ಕೂತಳು. ಒಂದು ಕೈಯಲ್ಲಿ ಟ್ರೇ, ಇನ್ನೊಂದು ಕೈಯಲ್ಲಿ ಚಿಲ್ಲರೆ. ಅಡುಗೆಮನೆಯ ಕಿಟಕಿಯಿಂದ ಹರಿಹರ ಅದನ್ನು ನೋಡಿದ. ಅವನು ಅವಸರದ ಮನುಷ್ಯ ನಿಜ, ದಡ್ಡನಲ್ಲ. ಸಂಜೆಯ ಹೊತ್ತಿಗೆ ಅವನಿಗೆ ಅರ್ಥವಾಗಬೇಕಾದ್ದು ಅರ್ಥವಾಗಿತ್ತು.

ಮರುದಿನ ಅವಳು ಬರುವಾಗ ಹಲಗೆ ತನ್ನ ಜಾಗದಲ್ಲಿತ್ತು. ಅದೇ ತೇಗ, ಅದೇ ಎತ್ತರ. ಒಂದೇ ವ್ಯತ್ಯಾಸವೆಂದರೆ ನಾಲ್ಕು ಮೂಲೆಯಲ್ಲಿ ನಾಲ್ಕು ದಪ್ಪ ಸ್ಟೀಲ್ ಬೋಲ್ಟು ಎದ್ದು ಕಾಣುತ್ತಿದ್ದವು. ಹರಿಹರ ಹತ್ತಿರ ಬಂದು, ಅವಳ ಮುಖ ಮಾತ್ರ ನೋಡಿ, ತಪ್ಪಾಯ್ತು ಅಂದ. ಯಾವುದು ತಪ್ಪು, ಯಾಕೆ ತಪ್ಪು ಅಂತ ಬಿಡಿಸಿ ಹೇಳಲಿಲ್ಲ. ಹಾಗೆ ಹೇಳದೇ ಇದ್ದದ್ದಕ್ಕೇ ನಿಶ್ಮಿತಾಳ ಮನಸ್ಸು ಸ್ವಲ್ಪ ಮೆತ್ತಗಾಯಿತು.

* * *

ಅಡುಗೆಮನೆ ಮುಗಿದ ಮೇಲೂ ಹರಿಹರ ಶನಿವಾರ ಶನಿವಾರ ಬರತೊಡಗಿದ. ಗ್ರೈಂಡರ್ ಸರಿಯಾಗಿ ಓಡುತ್ತಿದೆಯೇ ಅಂತ ನೋಡಲಿಕ್ಕೆ. ಗ್ರೈಂಡರ್ ಸರಿಯಾಗಿಯೇ ಓಡುತ್ತಿತ್ತು. ಹಳೆಯ ಸಪ್ಲೈಯರ್ ಐತನಿಗೆ ಇದು ಎರಡನೇ ಶನಿವಾರವೇ ಗೊತ್ತಾಗಿ, ಅವನೇ ಗೋಳಿಬಜೆಯ ತಟ್ಟೆ ತಂದು ಗಲ್ಲಾದ ಪಕ್ಕದ ಮೇಜಿನ ಮೇಲೆ ಇಡುತ್ತಿದ್ದ.

ಹರಿಹರನ ಅಜ್ಜ ರೈಲ್ವೆ ಕೆಲಸಕ್ಕೆ ಮೈಸೂರು ಕಡೆಯಿಂದ ಬಂದವರು. ಮೂರು ತಲೆಮಾರು ಇಲ್ಲೇ ಕಳೆದು, ಅವನ ಕನ್ನಡ ಅರ್ಧ ತಮಿಳಾಗಿತ್ತು. ನಿಶ್ಮಿತಾಳ ಮನೆಯಲ್ಲಿ ಇನ್ನೂ ಉಡುಪಿಯ ಮಾತೇ. ಇಬ್ಬರೂ ಒಬ್ಬರ ಕನ್ನಡವನ್ನೊಬ್ಬರು ಆಡಿಕೊಂಡು ನಗುತ್ತಿದ್ದರು.

"ಎರಡೆರಡು ದೇವರ ಹೆಸರು ಇಟ್ಕೊಂಡು ಒಂದು ಹಲಗೆ ಚಂದಕ್ಕೆ ಕೂರಿಸ್ಲಿಕ್ಕೆ ಬರುದಿಲ್ವಾ ನಿಮ್ಗೆ?" ಅಂತ ಒಮ್ಮೆ ಅವಳು ಬೋಲ್ಟುಗಳನ್ನು ತೋರಿಸಿ ಕೆಣಕಿದಳು. ಅವನು ನಕ್ಕು ಸುಮ್ಮನಾದ. ಏನೋ ಹೇಳಲು ಹೊರಟವನು ತಡೆದುಕೊಂಡಂತೆ ಅವಳಿಗೆ ಅನ್ನಿಸಿತು.

ಶನಿವಾರ ಸಂಜೆ ಇಬ್ಬರೂ ಬೀಚ್ ಸ್ಟೇಷನ್ ತನಕ ಒಟ್ಟಿಗೆ ನಡೆಯುತ್ತಿದ್ದರು. ಅವಳಿಗೆ ವೇಲಚೇರಿಯ ರೈಲು, ಅವನಿಗೆ ಅಂಬತ್ತೂರಿನದು. ಎಷ್ಟೋ ಸಲ ವೇಲಚೇರಿಯ ರೈಲು ಕಣ್ಣೆದುರೇ ಹೊರಡುತ್ತಿತ್ತು. ಜನ ಓಡಿ ಹತ್ತುತ್ತಿದ್ದರು. ನಿಶ್ಮಿತಾ ಮಾತ್ರ ಓಡುತ್ತಿರಲಿಲ್ಲ. ಇದು ಹೋದರೆ ಇನ್ನೊಂದು ಬರುತ್ತದೆ ಅನ್ನುತ್ತಿದ್ದಳು.

"ನಿಮಗಿರೋ ಪೊರುಮೆ ನಮ್ಮ ಅಜ್ಜಿಗೂ ಇರಲಿಲ್ಲ," ಅಂತ ಅವನು ಮೆಚ್ಚಿ ಹೇಳುತ್ತಿದ್ದ. ಪೊರುಮೆ ಅಂದರೆ ತಾಳ್ಮೆ.

ಅವಳು ಮುಗುಳ್ನಗುತ್ತಿದ್ದಳು. ‘ತಾಳ್ಮೆ ಅಲ್ಲ ಹರಿ... ಓಡಿದರೆ ನೋವಾಗುತ್ತದೆ. ಓಡಿದರೆ ಎಲ್ಲರೂ ನೋಡುತ್ತಾರೆ’ ಅಂತ ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಮೊದಲ ಬಾರಿಗೆ ಒಬ್ಬ ಗಂಡಸು ಅವಳ ಮುಖ ನೋಡಿ ಮಾತು ಶುರುಮಾಡಿ, ಮುಖ ನೋಡುತ್ತಲೇ ಮುಗಿಸುತ್ತಿದ್ದ. ಅದೊಂದಕ್ಕೇ ಅವಳಿಗೆ ಶನಿವಾರಗಳು ಬೇಗ ಬರಲಿ ಅನ್ನಿಸುತ್ತಿತ್ತು.

ಆದರೆ ಮೈಗೆ ಪ್ರೀತಿಯ ಸುದ್ದಿ ಗೊತ್ತಾಗುವುದಿಲ್ಲವಲ್ಲ! ಆ ಬೇಸಗೆಯಲ್ಲಿ ನೋವು ಮಿತಿ ಮೀರಿತು. ಒಳ ಉಡುಪಿನ ಪಟ್ಟಿ ಕೂತ ಕಡೆ ಭುಜದಲ್ಲಿ ಬೆರಳು ಇಡುವಷ್ಟು ಗುಳಿ. ಎದೆಯ ಕೆಳಗೆ ಬೆವರಿ ಬೆವರಿ ಎದ್ದ ಉರಿಯುವ ಗಂದೆ. ಬಲಗೈಯ ಬೆರಳು ಜೋಮು ಹಿಡಿದು ಒಂದು ದಿನ ಚಿಲ್ಲರೆ ಕೈಯಿಂದ ಜಾರಿ ನೆಲದ ಮೇಲೆಲ್ಲ ಚೆಲ್ಲಿತು. ಹೆಕ್ಕಲು ಬಗ್ಗಿದವಳಿಗೆ ಏಳಲು ಆಗಲಿಲ್ಲ.

ಅಮ್ಮ ಸುಗುಣಾ ಅವಳನ್ನು ಡಾಕ್ಟರ್ ವಂದನಾ ಅವರ ಬಳಿ ಕರೆದುಕೊಂಡು ಹೋದರು. ಡಾಕ್ಟರ್ ಎಲ್ಲ ಪರೀಕ್ಷಿಸಿ, ಕೊನೆಗೆ ತುಂಬ ಸಾಮಾನ್ಯವಾದ ಒಂದು ಪ್ರಶ್ನೆ ಕೇಳಿದರು. ಕೊನೆಯ ಸಲ ಓಡಿದ್ದು ಯಾವಾಗ?

ನಿಶ್ಮಿತಾ ನೆನಪು ಮಾಡಿಕೊಳ್ಳಲು ನೋಡಿದಳು. ಸಿಗಲಿಲ್ಲ. ಕಣ್ಣಿಂದ ನೀರು ಇಳಿಯಿತು.

ಸ್ತನದ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಡಾಕ್ಟರ್ ನಿಧಾನವಾಗಿ ವಿವರಿಸಿದರು. ಇದು ಅಂದಕ್ಕೆ ಮಾಡುವುದಲ್ಲ, ನೋವಿಗೆ ಮಾಡುವುದು ಅಂದರು. ಕಲೆ ಉಳಿಯುತ್ತದೆ, ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಸ್ಪರ್ಶ ಸ್ವಲ್ಪ ಕಡಿಮೆಯಾಗಬಹುದು. ಮುಂದೆ ಮಗುವಿಗೆ ಹಾಲು? ಅಂತ ಸುಗುಣಾ ಕೇಳಿದ್ದಕ್ಕೆ, ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ, ಸುಳ್ಳು ಭರವಸೆ ಕೊಡಲಾರೆ ಅಂದರು. ಯೋಚಿಸಿ ಬನ್ನಿ ಎಂದು ಕಳಿಸಿದರು.

ಯೋಚಿಸಲು ಏನೂ ಉಳಿದಿರಲಿಲ್ಲ. ಅವಳಿಗೆ ಬೇಕಾಗಿತ್ತು. ಅಪ್ಪನಿಗೆ ಹೇಳುವುದೇ ಕಷ್ಟ.

ವಿಷ್ಣುಮೂರ್ತಿಯವರು ಮಗಳ ಮಾತನ್ನು ತಲೆ ತಗ್ಗಿಸಿ ಕೇಳಿದರು. ಆಮೇಲೆ ಗೋಡೆ ನೋಡುತ್ತ ಹೇಳಿದರು.

"ನಿನ್ನ ಅಜ್ಜಿಯ ಬೆನ್ನೂ ಹೀಗೇ ಬಗ್ಗಿತ್ತು ಮಗಾ. ನಾವೆಲ್ಲ ಅದು ಪ್ರಾಯ ಆದದ್ದಕ್ಕೆ ಅಂತ ಎಣಿಸಿದ್ದು." ಅವರು ಮಗಳ ಕಡೆ ತಿರುಗಿದರು. "ಮಾಡಿಸ್ಕೋ."

* * *

ಇನ್ನು ಉಳಿದದ್ದು ಒಬ್ಬನಿಗೆ ಹೇಳುವುದು. ಆ ಶನಿವಾರ ಬೀಚ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ನಿಶ್ಮಿತಾ ಹರಿಹರನಿಗೆ ಎಲ್ಲ ಹೇಳಿದಳು. ಅಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಇಷ್ಟು ಬಿಡಿಸಿ ಹೇಳಿದವಳಲ್ಲ. ಹೇಳಿ ಮುಗಿಸಿ ಅವನ ಮುಖ ನೋಡಿದಳು. ‘ಒಳ್ಳೇದಾಯ್ತು ಅಂತ ಒಂದೇ ಒಂದು ಮಾತು ಹೇಳು ಹರಿ... ಸಾಕು!’

ಹರಿಹರ ಗಾಬರಿಯಾದ. ಆಪರೇಶನ್ ಅಂದ ಕೂಡಲೇ ಅವನಿಗೆ ಉಳಿದದ್ದು ಏನೂ ಕೇಳಿಸಲಿಲ್ಲ. ಅವಳಿಗೆ ತನ್ನ ಬಗ್ಗೆ ಕೀಳರಿಮೆ ಇದೆ, ಸಮಾಧಾನ ಮಾಡಬೇಕು ಅಂತ ಅವನ ಅವಸರದ ಬುದ್ಧಿ ತೀರ್ಮಾನಿಸಿಬಿಟ್ಟಿತು.

"ಅದೆಲ್ಲ ಯಾತಕ್ಕೆ? ನೀವು ಇರೋ ಹಾಗೇನೇ ತುಂಬಾ ಚೆನ್ನಾಗಿದೀರ. ಒಂಚೂರೂ ಕಮ್ಮಿ ಮಾಡ್ಕೋಬೇಡಿ."

ಒಂಚೂರೂ ಕಮ್ಮಿ ಮಾಡ್ಕೋಬೇಡಿ...

ನಿಶ್ಮಿತಾಳಿಗೆ ಕಿವಿ ಗುಂಯ್ ಅಂದಿತು. ಹಾಗಾದರೆ ಇವನೂ! ಮುಖ ನೋಡುತ್ತಿದ್ದವನೂ ಕೊನೆಗೆ ನೋಡಿದ್ದು ಅದನ್ನೇ!

"ನಿಮ್ಗೂ ಅದೇ ಬೇಕಾದ್ದು ಅಲ್ವಾ?" ಅವಳು ಎದ್ದು ನಿಂತಳು. "ನನ್ನ ನೋವು ನಿಮ್ಗೆ ಚಂದ ಕಾಣ್ತದೆ. ಇನ್ನು ಶನಿವಾರ ಬರ್ಬೇಡಿ. ಗ್ರೈಂಡರ್ ಹಾಳಾದ್ರೆ ಅಪ್ಪ ಫೋನ್ ಮಾಡ್ತಾರೆ."

ಹೊರಡಲಿದ್ದ ರೈಲಿಗೆ ಅವಳು ಓಡಲಿಲ್ಲ, ಓಡುವ ಹಾಗಿರಲಿಲ್ಲ. ಬೆನ್ನು ಬಗ್ಗಿಸಿ ನಿಧಾನವಾಗಿ ನಡೆದು, ಹೆಂಗಸರ ಡಬ್ಬಿ ಬಂದು ನಿಲ್ಲುವ ಕಡೆ ಮುಂದಿನ ರೈಲಿಗೆ ಕಾದಳು. ಅಷ್ಟು ಹೊತ್ತೂ ಹರಿಹರ ಆ ಬೆಂಚಿನ ಮೇಲೇ ಕೂತಿದ್ದ. ಏನು ತಪ್ಪಾಯಿತು ಅಂತ ಅವನಿಗೆ ಹೊಳೆಯಲಿಲ್ಲ.

ಅದನ್ನು ತಿಳಿಸಿಕೊಟ್ಟದ್ದು ಅವನ ಅಕ್ಕ ತುಂಗಾ. ಮನೆಯಲ್ಲಿ ಊಟ ಬಿಟ್ಟು ಕೂತವನ ಬಾಯಿಂದ ವಿಷಯ ಹೊರಡಿಸಿ, ಅವಳು ಹಣೆ ಚಚ್ಚಿಕೊಂಡಳು.

"ಹಲ್ಲುನೋವು ಅಂತ ಅಳ್ತಾ ಇರೋರಿಗೆ ನಿಮ್ಮ ಹಲ್ಲು ಮುತ್ತಿನ ಹಾಗಿದೆ, ಕೀಳಿಸ್ಬೇಡಿ ಅಂತೀಯೇನೋ? ಆ ಹುಡುಗಿ ನಿನ್ನ ಹತ್ತಿರ ಸರ್ಟಿಫಿಕೇಟ್ ಕೇಳಿದ್ಲಾ?"

ಹರಿಹರ ಫೋನ್ ಕೈಗೆತ್ತಿಕೊಂಡ. ತುಂಗಾ ಕಸಿದುಕೊಂಡಳು. ಬರಬೇಡಿ ಅಂದಿದ್ದಾಳಲ್ಲ, ಒಂದು ಸಲವಾದರೂ ಅವಳು ಹೇಳಿದ್ದನ್ನು ಹೇಳಿದ ಹಾಗೇ ಕೇಳು ಅಂದಳು. ಆ ಮಾತು ಅವನ ಎದೆಗೆ ನಾಟಿತು.

* * *

ಆಪರೇಶನ್ ಆಯಿತು.

ಮತ್ತಿನಿಂದ ಎಚ್ಚರವಾದಾಗ ನಿಶ್ಮಿತಾಳಿಗೆ ಮೊದಲು ಗೊತ್ತಾದದ್ದು ನೋವಲ್ಲ. ನೋವು ಇತ್ತು, ಎದೆಯ ಸುತ್ತ ಬಿಗಿದ ಬ್ಯಾಂಡೇಜಿನೊಳಗೆ ಕೊಳ್ಳಿಯಿಟ್ಟ ಹಾಗೆ ಇತ್ತು. ಆದರೆ ಅದಕ್ಕೂ ಮೊದಲು ಗೊತ್ತಾದದ್ದು ಉಸಿರು. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತಲ್ಲ, ಅವರು ಎದ್ದು ಹೋಗಿದ್ದರು.

ಬೆನ್ನಿನ ಕೆಳಗೆ ಒಂದು ಇಳಿಜಾರಾದ ಒರಗುಹಲಗೆ ಇತ್ತು. ಮೇಲೆ ದಪ್ಪ ಸ್ಪಂಜು, ನೀಲಿ ರೆಕ್ಸಿನ್ ಹೊದಿಕೆ. ಬೇಕಾದಷ್ಟು ಎತ್ತರಿಸಬಹುದು, ತಗ್ಗಿಸಬಹುದು. ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಸುಗುಣಾ, ಆಸ್ಪತ್ರೆಯವರು ಕೊಟ್ಟದ್ದು ಅಂದುಬಿಟ್ಟರು. ಕೆಲವು ವಾರ ಮಗ್ಗುಲಾಗುವ ಹಾಗಿರಲಿಲ್ಲ, ಹೀಗೇ ಒರಗಿ ನಿದ್ದೆ ಮಾಡಬೇಕಿತ್ತು. ಆ ಒರಗುಹಲಗೆ ಇಲ್ಲದಿದ್ದರೆ ನಿದ್ದೆ ಬರುತ್ತಿತ್ತೋ ಇಲ್ಲವೋ. ಮನೆಗೂ ಅದೇ ಜೊತೆಗೆ ಬಂತು.

ಬ್ಯಾಂಡೇಜು ಬಿಚ್ಚಿದ ದಿನ ಅವಳು ಕನ್ನಡಿಯ ಮುಂದೆ ಅತ್ತಳು. ಕೆಂಪು ಗೆರೆಗಳು, ಊತ. ‘ಇದನ್ನು ಯಾರು ಪ್ರೀತಿಸ್ತಾರೆ?’ ಅನ್ನಿಸಿತು. ಆಮೇಲೆ ಕನ್ನಡಿಯಲ್ಲಿ ಇನ್ನೊಂದು ವಿಷಯ ಕಂಡಿತು. ಅವಳ ಕುತ್ತಿಗೆ ಉದ್ದವಾಗಿತ್ತು. ಅಲ್ಲ, ಕುತ್ತಿಗೆ ಇದ್ದಷ್ಟೇ ಇತ್ತು, ಬೆನ್ನು ನೆಟ್ಟಗಾಗಿತ್ತು. ಕಣ್ಣೀರು ಒರೆಸಿಕೊಂಡು ತನ್ನನ್ನು ತಾನೇ ಮತ್ತೊಮ್ಮೆ ನೋಡಿಕೊಂಡಳು. ಈ ಸಲ ಇಷ್ಟವಾಯಿತು.

ದಿನ ಕಳೆದ ಹಾಗೆ ಸಣ್ಣ ಸಣ್ಣ ಸುಖಗಳು ಒಂದೊಂದಾಗಿ ಬಂದವು. ಬೇರೆಯವರಿಗೆ ಹೇಳಿದರೆ ನಗುತ್ತಾರೆ, ಅಂಥವು. ವೇಲಚೇರಿಯ ಮಾಲಿನಲ್ಲಿ ನೇತುಹಾಕಿದ್ದ ಕುರ್ತಾ ಒಂದು ಹಾಗೇ ಎತ್ತಿ ಹಾಕಿದರೆ ಸರಿಯಾಗಿ ಕೂತಿತು. ಗಾಯ ಒಣಗಿ ಡಾಕ್ಟರ್ ಒಪ್ಪಿದ ಮೇಲೆ ಒಂದು ಮಧ್ಯಾಹ್ನ ಬೋರಲು ಮಲಗಿದಳು. ಹಾಗೆ ಮಲಗಿ ತಲೆದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಳು. ಅಮ್ಮ ಗಾಬರಿಯಾಗಿ ಓಡಿಬಂದರು.

ಗಲ್ಲಾಕ್ಕೆ ವಾಪಸ್ಸು ಹೋಗತೊಡಗಿದ ಮೇಲೆ ಒಂದು ಸಂಜೆ ಬೀಚ್ ಸ್ಟೇಷನ್ನಿನಲ್ಲಿ ವೇಲಚೇರಿಯ ರೈಲು ಹೊರಡುವುದರಲ್ಲಿತ್ತು. ಇದು ಹೋದರೆ ಇನ್ನೊಂದು ಬರುತ್ತದೆ ಅಂತ ಬಾಯಿಗೆ ಬಂದಿತ್ತು. ಕಾಲು ಕೇಳಲಿಲ್ಲ... ಓಡಿತು! ಬ್ಯಾಗು ಭುಜದಿಂದ ಹಾರಿ, ಕೂದಲು ಬಿಚ್ಚಿ, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದಳು. ಯಾರು ನೋಡಿದರು, ಯಾರು ಬಿಟ್ಟರು, ಅವಳಿಗೆ ಗೊತ್ತಿಲ್ಲ. ರೈಲು ತಪ್ಪಿಹೋಯಿತು. ಏದುಸಿರು ಬಿಡುತ್ತ ಅದೇ ಕಲ್ಲುಬೆಂಚಿನ ಮೇಲೆ ಕೂತು ಒಬ್ಬಳೇ ನಗತೊಡಗಿದಳು.

ಪಕ್ಕದ ಜಾಗ ಖಾಲಿ ಇತ್ತು. ನಗು ಮೆಲ್ಲಗೆ ನಿಂತಿತು. ಈ ಓಟವನ್ನು ಅವನಿಗೆ ತೋರಿಸಬೇಕಿತ್ತು ಅನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅವನು ಒಂದು ಸಲವೂ ಫೋನ್ ಮಾಡಲಿಲ್ಲ. ಬದುಕಿದ್ದೀಯಾ ಅಂತಲೂ ಕೇಳಲಿಲ್ಲ. ಬರಬೇಡಿ ಅಂದದ್ದು ತಾನೇ ಎಂಬುದು ನೆನಪಿತ್ತು. ಆದರೂ ಮನಸ್ಸು ನ್ಯಾಯ ಕೇಳುವುದಿಲ್ಲ.

* * *

ಆಸ್ಪತ್ರೆಯಿಂದ ಫೋನ್ ಬಂದದ್ದು ಮಧ್ಯಾಹ್ನದ ಊಟದ ಗದ್ದಲ ಮುಗಿದು ಮಟ್ಟು ವಿಲಾಸ ತಣ್ಣಗಾಗಿದ್ದ ಹೊತ್ತಿನಲ್ಲಿ. ಆಪರೇಶನ್ ಮಾಡಿಸಿಕೊಂಡವರಿಗೆ ತೃಪ್ತಿಯಾಗಿದೆಯೇ ಅಂತ ವಿಚಾರಿಸುವ ಹುಡುಗಿ. ತಮಿಳಿನಲ್ಲಿ, ಕಲಿತಿಟ್ಟ ಪಾಠದ ಹಾಗೆ, ಒಂದರ ಹಿಂದೆ ಒಂದು ಕೇಳಿದಳು. ನೋವು ಹೇಗಿದೆ? ನಿದ್ದೆ? ಬಟ್ಟೆ ಹಾಕಿಕೊಳ್ಳಲು? ಜನರ ನಡುವೆ ಹೋಗಲು?

ನಿಶ್ಮಿತಾ ಹಲಗೆಯ ಹಿಂದೆ ಕೂತು ಉತ್ತರಿಸುತ್ತ ಹೋದಳು. ಹೇಳುತ್ತ ಹೇಳುತ್ತ ತನಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ಬದಲಾಗಿದೆಯಾ?

ಮತ್ತೆ ಅವಕಾಶ ಸಿಕ್ಕರೆ ಇದೇ ನಿರ್ಧಾರ ತೆಗೆದುಕೊಳ್ಳುತ್ತೀರಾ ಅಂತ ಹುಡುಗಿ ಕೇಳಿದಳು.

"ಇಲ್ಲ," ಅಂದಳು ನಿಶ್ಮಿತಾ. ಆ ಕಡೆ ಹುಡುಗಿ ತಡವರಿಸಿದಳು. "ಇನ್ನೂ ಮೊದಲೇ ತಗೊಳ್ತಿದ್ದೆ."

ಹುಡುಗಿಗೆ ನಗು ಬಂತು, ಪಾಠ ಮರೆತಳು. ಆಸ್ಪತ್ರೆಯಲ್ಲಿ ನಿಮಗೆ ಎಲ್ಲಕ್ಕಿಂತ ಹಿಡಿಸಿದ್ದು ಯಾವುದು ಅಂತ ಸಲುಗೆಯಿಂದ ಕೇಳಿದಳು. ನಿಶ್ಮಿತಾ ಯೋಚಿಸದೆ ಹೇಳಿದಳು. ಡಾಕ್ಟರ್ ವಂದನಾ. ಆಮೇಲೆ ನೀವು ಕೊಟ್ಟಿರಲ್ಲ, ಆ ಒರಗುಹಲಗೆ.

ಯಾವ ಒರಗುಹಲಗೆ ಮೇಡಂ, ನಾವು ಅಂಥದ್ದು ಕೊಡುವುದಿಲ್ಲ, ಬರೀ ತಲೆದಿಂಬು ಕೊಡುತ್ತೇವೆ ಅಂದಳು ಹುಡುಗಿ.

ಫೋನ್ ಇಟ್ಟ ಮೇಲೆ ನಿಶ್ಮಿತಾ ಆ ಒರಗುಹಲಗೆಯನ್ನು ನೆನಪು ಮಾಡಿಕೊಂಡಳು. ನೀಲಿ ರೆಕ್ಸಿನ್... ಕೆಳಗೆ ಸ್ಟೀಲಿನ ಚೌಕಟ್ಟು... ಬೇಕಾದಷ್ಟು ಎತ್ತರಿಸಲು ಪಕ್ಕದಲ್ಲಿ ದಪ್ಪ ಬೋಲ್ಟು. ಅವಳ ಕಣ್ಣು ತಾನಾಗಿಯೇ ಎದುರಿನ ಹಲಗೆಯ ಮೂಲೆಗೆ ಹೋಯಿತು. ಅದೇ ಬೋಲ್ಟು!

ಮನೆಗೆ ಫೋನ್ ಮಾಡಿದಳು. ಸುಗುಣಾ ಸ್ವಲ್ಪ ಹೊತ್ತು ಆಚೀಚೆ ಮಾತು ತಿರುಗಿಸಿ, ಕೊನೆಗೆ ಒಪ್ಪಿಕೊಂಡರು. ಆಪರೇಶನ್ನಿನ ದಿನ ಹರಿಹರ ಆಸ್ಪತ್ರೆಗೆ ಬಂದಿದ್ದ. ಗ್ರೈಂಡರಿನ ವಿಷಯಕ್ಕೆ ಫೋನ್ ಮಾಡಿದಾಗ ಅಪ್ಪ ದಿನ ತಿಳಿಸಿದ್ದರಂತೆ. ಕಾಗದ ಸುತ್ತಿದ ಒರಗುಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕೆಳಗಿನ ಔಷಧಿ ಅಂಗಡಿಯ ಪಕ್ಕ ಬೆಳಗಿನಿಂದ ಕೂತಿದ್ದನಂತೆ.

"ಮೇಲೆ ಬರ್ಬಹುದಾ ಅಂತ ನಿನ್ನನ್ನು ಕೇಳ್ಲಿಕ್ಕೆ ಹೇಳಿದ ಮಗಾ. ನಿಂಗೆ ಮತ್ತು ಇಳಿದಿರ್ಲಿಲ್ಲ, ಎಂತ ಕೇಳುದು? ನೀನೇ ಬಾ ಮಾರಾಯ ಅಂದೆ. ಬರ್ಲಿಲ್ಲ. ಒಂದು ಸಲ ಕೇಳದೆ ಹಲಗೆ ಕತ್ತರಿಸಿದ್ದೇ ಸಾಕಮ್ಮಾ, ಅಂದ."

ನಿಶ್ಮಿತಾಳ ಬೆರಳು ಹಲಗೆಯ ಬೋಲ್ಟನ್ನು ಸವರಿತು.

"ತಾನು ಕೊಟ್ಟದ್ದು ಅಂತ ಹೇಳ್ಬೇಡಿ ಅಂತಲೂ ಅಂದ. ಅವರಿಗೆ ನಾನು ಬೇಡ ಇರ್ಬಹುದು, ಬೆನ್ನಿಗೆ ಇದು ಬೇಕು, ಅಂತ. ನಾನು ಮಾತು ಕೊಟ್ಟಿದ್ದೆ, ಹಾಗಾಗಿ ಹೇಳ್ಲಿಲ್ಲ."

* * *

ಶನಿವಾರ ಮಧ್ಯಾಹ್ನ ಹರಿಹರ ಬಂದ. ಅವನಿಗೆ ಹೋದ ಮೆಸೇಜಿನಲ್ಲಿ ಇದ್ದದ್ದು ಇಷ್ಟೇ, ಗಲ್ಲಾದ ಹಲಗೆಯ ಕೆಲಸ ಉಂಟು, ಸ್ಪ್ಯಾನರ್ ತನ್ನಿ.

ಬಾಗಿಲಲ್ಲೇ ನಿಂತ. ಸ್ವಲ್ಪ ಸೊರಗಿದ್ದ. ಒಳಗೆ ಬರಲೇ ಅಂತ ಅವಳನ್ನು ನೋಡಿದ. ಅವಳು ತಲೆಯಾಡಿಸಿದ ಮೇಲೇ ಒಳಗೆ ಬಂದ. ಐತ ಎಲ್ಲವನ್ನೂ ಬಲ್ಲವನ ಹಾಗೆ ಒದ್ದೆಬಟ್ಟೆ ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ನಡೆದುಬಿಟ್ಟ.

"ಅವತ್ತು ಸ್ಟೇಷನ್ನಲ್ಲಿ," ಅಂತ ಹರಿಹರ ಶುರುಮಾಡಿದ. "ನೀವು ನೋವು ಅಂತ ಹೇಳ್ತಿದ್ರಿ. ನಾನು ಅದನ್ನ ಕೇಳಿಸ್ಕೊಳ್ಳಲೇ ಇಲ್ಲ. ಹೊಗಳಿದ್ರೆ ಸರಿಯಾಗತ್ತೆ ಅಂತ ನೆನೆಸಿದೆ. ತಪ್ಪು ನನ್ನದು."

ನಿಶ್ಮಿತಾ ಹಲಗೆಯ ಹಿಂದೆಯೇ ಕೂತಿದ್ದಳು. ಮುಖ ಮಾತ್ರ ಕಾಣುತ್ತಿತ್ತು.

"ಒಂದು ಕೇಳ್ತೇನೆ, ನಿಜ ಹೇಳ್ಬೇಕು. ಇಷ್ಟು ಚಂದದ ತೇಗಕ್ಕೆ ಈ ಬೋಲ್ಟು ಯಾಕೆ ಹಾಕಿದ್ದು? ಅಂಟು ಹಾಕಿ ಕೂರಿಸ್ಬಹುದಿತ್ತಲ್ಲ."

ಹರಿಹರ ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಅಂಟು ಹಾಕಿದ್ರೆ ಆಮೇಲೆ ತೆಗೆಯೋಕಾಗಲ್ಲ. ಯಾವತ್ತಾದ್ರೂ ಒಂದಿನ ನಿಮಗೇ ಇದು ಬೇಡ ಅನ್ನಿಸಬಹುದು... ಅವತ್ತು ಕತ್ತರಿಸೋ ಹಾಗಾಗಬಾರದು. ಬಿಚ್ಚೋ ಹಾಗಿರಬೇಕು. ನೀವು ಹೇಳಿದ ಮೇಲೆ."

ಅವಳ ಕಣ್ಣು ತುಂಬಿತು. ಹಾಗಾದರೆ ಆ ಕುರೂಪಿ ಬೋಲ್ಟುಗಳು ಮೊದಲ ದಿನದಿಂದಲೂ ಅವಳ ಒಂದು ಮಾತಿಗೆ ಕಾಯುತ್ತಿದ್ದವು! ತಾನು ಅವನ್ನು ಆಡಿಕೊಂಡು ನಕ್ಕಿದ್ದಳು.

"ಹರಿ, ನಂಗೆ ಗಾಯದ ಗುರುತು ಉಂಟು. ಪೂರ್ತಿ ಹೋಗುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ." ಹೇಳಬೇಕಾದ್ದನ್ನು ಇಂದೇ ಹೇಳಿಬಿಡಬೇಕು ಅಂತ ಅವಳು ಹಟ ಮಾಡಿಕೊಂಡಿದ್ದಳು. "ಮತ್ತೆ... ಮಗುವಿಗೆ ಹಾಲು ಕುಡಿಸ್ಲಿಕ್ಕೆ ಆಗ್ಬಹುದು, ಆಗದೇನೂ ಇರ್ಬಹುದು."

ಹರಿಹರ ತಲೆಯೆತ್ತಿದ.

"ಮಗುವಿನ ತನಕ ಬಂದ್ವಾ ನಾವು?"

ನಿಶ್ಮಿತಾಳ ಮುಖ ಕೆಂಪಾಯಿತು. ಅಡಗಲು ಹಲಗೆ ಇತ್ತು, ಆದರೆ ಅದು ಮುಖವನ್ನು ಮರೆ ಮಾಡುವಷ್ಟು ಎತ್ತರವಿರಲಿಲ್ಲ.

"ಹಾಲು ಕುಡಿಸೋಕೆ ನಾನೂ ಕಲೀತೀನಿ, ಬಾಟ್ಲಲ್ಲಿ," ಅಂದ ಅವನು. ನಗುತ್ತಿದ್ದವನ ದನಿ ಆಮೇಲೆ ತಗ್ಗಿತು. "ನಿಶ್ಮಿತಾ, ನಾನು ನಿಮ್ಮನ್ನ ಇಷ್ಟಪಟ್ಟಾಗ ನನಗೆ ಕಾಣ್ತಿದ್ದದ್ದು ಈ ಹಲಗೆಯ ಮೇಲಿದ್ದದ್ದು ಮಾತ್ರ. ನಿಮ್ಮ ಮುಖ, ನಿಮ್ಮ ಬೈಗುಳ. ಅದರಲ್ಲಿ ಏನೂ ಕಮ್ಮಿ ಆಗಿಲ್ಲ ತಾನೆ?"

"ಬೈಗುಳ ಜಾಸ್ತಿ ಆಗಿದೆ," ಅಂದಳು ಅವಳು, ಅಳುತ್ತ, ನಗುತ್ತ.

ಅವನು ಮಂಡಿಯೂರಿ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಚ್ಚಿದ. ಹಚ್ಚಿದವನು ತಡೆದ.

"ಎಷ್ಟು ತಗ್ಗಿಸಲಿ?"

ಯಾರೂ ಅವಳನ್ನು ಹಾಗೆ ಕೇಳಿದ್ದಿಲ್ಲ. ನಿಶ್ಮಿತಾ ಎದ್ದು ನಿಂತಳು. ಬೆನ್ನು ನೆಟ್ಟಗಿತ್ತು. ಕೈಯಲ್ಲಿ ಟ್ರೇ ಇರಲಿಲ್ಲ.

"ಪೂರ್ತಿ ತೆಗೀರಿ."

ನಾಲ್ಕೂ ಬೋಲ್ಟು ಬಿಚ್ಚುವಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿದ್ದಳು. ಐತ ಟ್ರೇ ಕೊಡಲು ಬಂದರೆ ಬೇಡ ಅಂದಳು. ಎರಡು ಕೈಯಲ್ಲಿ ಎರಡು ಕಾಫಿ ಲೋಟ ಹಿಡಿದು, ಅಷ್ಟರಲ್ಲಿ ಸಂಜೆ ತಿಂಡಿಗೆ ಬರತೊಡಗಿದ್ದ ಗಿರಾಕಿಗಳ ನಡುವೆ, ಹೋಟೆಲಿನ ಈ ತುದಿಯಿಂದ ಆ ತುದಿಗೆ ನಡೆದು ಬಂದಳು. ಮರೆ ಮಾಡಿಕೊಳ್ಳಲು ಒಂದು ಕೈಯೂ ಖಾಲಿ ಇರಲಿಲ್ಲ. ಅದು ಅವಳ ನೆನಪಿಗೂ ಬರಲಿಲ್ಲ.

ಗಲ್ಲಾದ ಪಕ್ಕದ ಮೇಜಿಗೆ ಲೋಟ ಇಟ್ಟು ಅವನ ಎದುರು ಕೂತಳು.

"ಬೇಗ ಕುಡೀರಿ. ವೇಲಚೇರಿಯ ರೈಲು ಈಗ ಬರ್ತದೆ."

"ಇದು ಹೋದರೆ ಇನ್ನೊಂದು ಬರತ್ತೆ ಅಂತ ನೀವೇ ಅಂತಿದ್ರಲ್ಲ?"

"ಇವತ್ತು ಓಡ್ವಾ ಹರಿ," ಅಂದಳು ನಿಶ್ಮಿತಾ. "ನಂಗೆ ಈಗ ಓಡ್ಲಿಕ್ಕೆ ಬರ್ತದೆ."